ಹಳೇ ಸರ್ವರ್, ಹೊಸ ಲಿನಕ್ಸ್: ಡಿಸ್ಕ್ ಎಲ್ಲಿ ಹೋಯ್ತು?

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಹಳೇ ಸರ್ವರ್ ಬಗ್ಗೆಯೇ ಇದ್ದವು. ಬೆಂಗಳೂರಿನಲ್ಲಿ ಇದು ಸಹಜ. ಕಂಪನಿಗಳು ಸರ್ವರ್ ಬದಲಾಯಿಸುತ್ತವೆ, ಹಳೆಯವು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಬರುತ್ತವೆ, ಇಲ್ಲವೇ ಯಾರೋ ಪುಣ್ಯಾತ್ಮರ ಮೂಲಕ ಶಾಲೆಗಳಿಗೆ ಹೋಗುತ್ತವೆ. ಇಪ್ಪತ್ತು ವರ್ಷ ಸರ್ವರ್ ರೂಮಿನ ತಣ್ಣನೆ ಗಾಳಿಯಲ್ಲೇ ಕೆಲಸ ಮಾಡಿದವಳು ನಾನು. ಈ ಮಷೀನುಗಳು ಗುಜರಿಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇವಕ್ಕೇ, ಇವುಗಳಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕುವುದಕ್ಕೇ.

ಪ್ರಶ್ನೆ: ಮೇಡಂ, ನಾನು ಚಾಮರಾಜಪೇಟೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಆಫೀಸಿನಿಂದ ಡೆಲ್ ಪವರ್‌ಎಡ್ಜ್ ಆರ್710 ಸರ್ವರ್ ಕೊಡಿಸಿದ್ದಾನೆ. ಲೈಬ್ರರಿಗೆ ಕೋಹಾ ತಂತ್ರಾಂಶ ಹಾಕಬೇಕೆಂಬ ಆಸೆ. ರಾಕಿ ಲಿನಕ್ಸ್ 9 ಹಾಕಲು ಹೋದೆ. ಇನ್‌ಸ್ಟಾಲರ್ ಚೆನ್ನಾಗಿಯೇ ಶುರುವಾಗುತ್ತದೆ. ಆದರೆ ಡಿಸ್ಕ್ ಆರಿಸುವ ಜಾಗದಲ್ಲಿ ಒಂದೂ ಡಿಸ್ಕ್ ಇಲ್ಲ! ಸರ್ವರ್ ಆನ್ ಮಾಡಿದಾಗ ಬರುವ ಕಪ್ಪು ಪರದೆಯಲ್ಲಿ ಮಾತ್ರ ಎರಡು ಡಿಸ್ಕ್ ಇವೆ ಎಂದು ತೋರಿಸುತ್ತದೆ. ರಿಪೇರಿಯವರು ಎರಡೂ ಡಿಸ್ಕ್ ಹೋಗಿವೆ, ಹೊಸದು ಹಾಕಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ದಯವಿಟ್ಟು ಡಿಸ್ಕ್‌ಗೆ ದುಡ್ಡು ಕೊಡಬೇಡಿ. ಡಿಸ್ಕ್ ಹೋಗಿಲ್ಲ. ನೀವೇ ಬರೆದಿದ್ದೀರಲ್ಲ, ಆನ್ ಆಗುವಾಗ ಎರಡೂ ಕಾಣುತ್ತವೆ ಅಂತ. ಅದೇ ಸಾಕ್ಷಿ. ಸರ್ವರ್‌ಗೆ ಡಿಸ್ಕ್ ಗೊತ್ತು. ರಾಕಿ ಲಿನಕ್ಸ್‌ಗೆ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ ಅಂದರೆ, ನಡುವೆ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ನಿಭಾಯಿಸುವ ಒಂದು ರೇಡ್ ಕಾರ್ಡ್ ಕೂತಿದೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಡಿಸ್ಕ್ ನೇರವಾಗಿ ಮದರ್‌ಬೋರ್ಡಿಗೆ ಸೇರಿಕೊಂಡಿರುತ್ತದೆ. ಸರ್ವರಿನಲ್ಲಿ ಡಿಸ್ಕ್‌ಗಳೆಲ್ಲ ಈ ಕಾರ್ಡಿನ ಹಿಂದೆ ಇರುತ್ತವೆ. ಕಾರ್ಡಿನ ಜೊತೆ ಮಾತಾಡಲು ಬರದಿದ್ದರೆ ಲಿನಕ್ಸ್‌ಗೆ ಹಿಂದಿರುವ ಡಿಸ್ಕ್ ಕಾಣುವುದೇ ಇಲ್ಲ. ಆರ್710 ಬಂದದ್ದು 2009ರಲ್ಲಿ. ಆಗ ಇದರಲ್ಲಿ ಹೆಚ್ಚಾಗಿ ಬರುತ್ತಿದ್ದ ಕಾರ್ಡ್ ಪರ್ಕ್ 6/ಐ. ನಿಮ್ಮದರಲ್ಲೂ ಅದೇ ಇರಬೇಕು ಎಂದು ನನ್ನ ಊಹೆ.

ರಾಕಿ ಲಿನಕ್ಸ್ ಅನ್ನೋದು ರೆಡ್ ಹ್ಯಾಟ್ ಕಂಪನಿಯ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲದಿಂದ ಕಟ್ಟಿದ್ದು. 2019ರ ಮೇ ತಿಂಗಳಲ್ಲಿ ರೆಡ್ ಹ್ಯಾಟ್‌ನ 8ನೇ ಆವೃತ್ತಿ ಬಂತು. ಅದರಲ್ಲಿ ಅವರು ಹಳೆಯ ಕಾರ್ಡುಗಳ ದೊಡ್ಡ ಪಟ್ಟಿಯನ್ನೇ ಕೈಬಿಟ್ಟರು. ಪರ್ಕ್ 5, ಪರ್ಕ್ 6 ಎರಡೂ ಆ ಪಟ್ಟಿಯಲ್ಲಿವೆ. ಈ ಕಾರ್ಡುಗಳ ಜೊತೆ ಮಾತಾಡುವ ತಂತ್ರಾಂಶಕ್ಕೆ ಡ್ರೈವರ್ ಅನ್ನುತ್ತಾರೆ, ಅದರ ಹೆಸರು ಮೆಗಾರೇಡ್ ಸ್ಯಾಸ್. ಆ ಡ್ರೈವರ್ 8ರಲ್ಲೂ ಇದೆ, 9ರಲ್ಲೂ ಇದೆ. ಅದರೊಳಗೆ ಇದ್ದ ಹಳೇ ಕಾರ್ಡುಗಳ ಗುರುತಿನ ಸಂಖ್ಯೆಗಳನ್ನು ಮಾತ್ರ ಅಳಿಸಿದ್ದಾರೆ. ಮನೆ ಅಲ್ಲೇ ಇದೆ, ಪಡಿತರ ಚೀಟಿಯಿಂದ ಹೆಸರು ತೆಗೆದಿದ್ದಾರೆ ಅನ್ನೋ ಹಾಗೆ. ಆ ಕಂಪನಿಗೆ ಅದರದ್ದೇ ಕಾರಣ ಇದೆ. ದುಡ್ಡು ಕೊಟ್ಟ ಗಿರಾಕಿಗಳಿಗೆ ಹತ್ತು ವರ್ಷ ಬೆಂಬಲ ಕೊಡಬೇಕು, ಅಷ್ಟು ಹಳೆಯ ಕಾರ್ಡುಗಳನ್ನೆಲ್ಲ ಪರೀಕ್ಷೆ ಮಾಡುತ್ತಾ ಕೂರಲು ಆಗುವುದಿಲ್ಲ. ಒಪ್ಪುತ್ತೇನೆ. ಆದರೆ ನಿಮ್ಮ ಶಾಲೆ ಅವರ ಗಿರಾಕಿ ಅಲ್ವಲ್ಲ. ಅವರ ತೀರ್ಮಾನಕ್ಕೆ ನೀವು ಬದ್ಧರಾಗಬೇಕಾಗಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. 2019ರ ಕೊನೆಯಲ್ಲಿ, ಒಂದು ಶನಿವಾರ ರಾತ್ರಿ, ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಅದೇ ರೆಡ್ ಹ್ಯಾಟ್ ಮೂಲದ ಸೆಂಟ್‌ಓಎಸ್ 7 ತೆಗೆದು 8 ಹಾಕಲು ಕೂತೆ. ಇದೇ ಆರ್710, ಇದೇ ಕಾರ್ಡ್, ಇದೇ ಖಾಲಿ ಪರದೆ. ಡಿಸ್ಕ್ ಹೊರಗೆ ತೆಗೆದು ಮತ್ತೆ ಹಾಕಿದೆ. ಕೇಬಲ್ ಬದಲಾಯಿಸಿದೆ. ಕಾರ್ಡನ್ನೇ ಕಿತ್ತು ಒರೆಸಿ ಕೂರಿಸಿದೆ. ಬೆಳಗಿನ ಜಾವ ಮೂರು ಗಂಟೆಗೆ ಗುರುತಿನ ಸಂಖ್ಯೆ ನೋಡಬೇಕು ಅಂತ ಹೊಳೆಯಿತು. ಅದನ್ನೇ ಮೊದಲು ನೋಡಿದ್ದರೆ ಹತ್ತು ನಿಮಿಷದ ಕೆಲಸ. ನೀವು ಆ ರಾತ್ರಿ ಕಳೆಯುವುದು ಬೇಡ.

ಹೀಗೆ ಮಾಡಿ. ಬೇರೆ ಕಂಪ್ಯೂಟರಿನಲ್ಲಿ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ಲೈವ್ ಆವೃತ್ತಿಯನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಲೈವ್ ಅಂದರೆ ಏನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವಂಥದ್ದು. ಸರ್ವರ್ ಅದರಿಂದ ಶುರುವಾದ ಮೇಲೆ ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಎಂಬ ಆದೇಶ ಕೊಡಿ. ಅದರ ಮುಂದೆ ಒಂದು ಸ್ಪೇಸ್, ಒಂದು ಹೈಫನ್, ಎರಡು ಎನ್. ಎಲ್ಲ ಚಿಕ್ಕ ಅಕ್ಷರ. ಒಳಗಿರುವ ಪ್ರತಿ ಕಾರ್ಡಿನ ಹೆಸರು ಬರುತ್ತದೆ, ಪಕ್ಕದಲ್ಲಿ ಚೌಕ ಆವರಣದಲ್ಲಿ ಒಂದು ಸಂಖ್ಯೆಯ ಜೋಡಿ ಇರುತ್ತದೆ. ರೇಡ್ ಎಂದಿರುವ ಸಾಲಿನಲ್ಲಿ 1000:0060 ಎಂದಿದ್ದರೆ ಅದು ಪರ್ಕ್ 6/ಐ. ಮೊದಲ ಸಂಖ್ಯೆ ಚಿಪ್ ಮಾಡಿದ ಎಲ್‌ಎಸ್‌ಐ ಕಂಪನಿಯದ್ದು, ಎರಡನೆಯದು ಚಿಪ್‌ನದ್ದು. ಕಾರ್ಡಿನ ಮೇಲೆ ಯಾವ ಸ್ಟಿಕ್ಕರ್ ಇದ್ದರೂ ಲಿನಕ್ಸ್ ನೋಡುವುದು ಈ ಸಂಖ್ಯೆಯನ್ನು ಮಾತ್ರ. ಇದನ್ನು ಒಂದು ಚೀಟಿಯಲ್ಲಿ ಬರೆದು ಸರ್ವರ್ ಮೇಲೆ ಅಂಟಿಸಿಡಿ. ನಾಳೆ ಯಾರಿಗೇ ಸಹಾಯ ಕೇಳಿದರೂ ಅವರು ಮೊದಲು ಕೇಳುವುದು ಇದನ್ನೇ.

ಆ ಲೈವ್ ಡೆಬಿಯನ್‌ನಲ್ಲಿ ನಿಮ್ಮ ಡಿಸ್ಕ್ ಕಾಣುತ್ತದೆ. ಡೆಬಿಯನ್ ತನ್ನ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಆ ಹಳೇ ಸಂಖ್ಯೆಗಳನ್ನು ಅಳಿಸಿಲ್ಲ. ಅದನ್ನೇ ಇನ್‌ಸ್ಟಾಲ್ ಮಾಡಿ ಅಂತ ನನ್ನ ಸಲಹೆ. ಕೋಹಾಗೂ ಅದೇ ಒಳ್ಳೆಯ ಜಾಗ. ನ್ಯೂಜಿಲೆಂಡಿನ ಒಂದು ಲೈಬ್ರರಿಗಾಗಿ ಹುಟ್ಟಿ, 2000ದ ಜನವರಿಯಲ್ಲಿ ಬಳಕೆಗೆ ಬಂದ ತಂತ್ರಾಂಶ ಅದು. ಅದನ್ನು ಬೆಳೆಸುವವರು ಡೆಬಿಯನ್‌ಗೆಂದೇ ಪ್ಯಾಕೇಜ್ ಮಾಡಿಟ್ಟಿದ್ದಾರೆ. ರಾಕಿಯಲ್ಲಿ ಕೈಯಾರೆ ಒಂದೊಂದೇ ಜೋಡಿಸುವ ಕಷ್ಟ ತಪ್ಪುತ್ತದೆ. ಕನ್ನಡ ಪುಸ್ತಕಗಳ ಹೆಸರು ಕಾಣಲು ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್‌ನಲ್ಲೇ ಸಿಗುತ್ತವೆ.

ರಾಕಿಯೇ ಬೇಕು ಎಂದರೆ ಇಎಲ್‌ರೆಪೊ ಎಂಬ ಸ್ವಯಂಸೇವಕರ ತಂಡ ಇಂಥ ಕೈಬಿಟ್ಟ ಡ್ರೈವರ್‌ಗಳನ್ನು ಬೇರೆಯಾಗಿ ಕಟ್ಟಿ ಕೊಡುತ್ತದೆ. ನಾನು ಆ ಭಾನುವಾರ ಪಾರಾಗಿದ್ದು ಅವರಿಂದಲೇ. ರಾಕಿಯಂತೆಯೇ ರೆಡ್ ಹ್ಯಾಟ್ ಬಳಗದ ಆಲ್ಮಾ ಲಿನಕ್ಸ್‌ನವರು 2024ರ 9.4 ಆವೃತ್ತಿಯಲ್ಲಿ ಮೆಗಾರೇಡ್ ಸ್ಯಾಸ್ ಸೇರಿ ಹಲವು ಡ್ರೈವರ್‌ಗಳಿಗೆ ಹಳೇ ಕಾರ್ಡುಗಳನ್ನು ವಾಪಸ್ ಸೇರಿಸಿದ್ದೂ ಇದೆ. ಆದರೆ ಹೊರಗಿನ ಡ್ರೈವರ್ ನೆಚ್ಚಿಕೊಂಡರೆ ಪ್ರತಿ ಸಲ ಕರ್ನೆಲ್ ಬದಲಾದಾಗಲೂ ಎದೆ ಡವಡವ ಅನ್ನುತ್ತದೆ. ಶಾಲೆಗೆ ಅದು ಬೇಡ.

ಇನ್ನು ಮೂರು ಮಾತು, ಇವು ಮುಂದೆ ನಿಮಗೆ ಎದುರಾಗಿಯೇ ಆಗುತ್ತವೆ.

ಪರ್ಕ್ 6/ಐ ಒಂದು ಡಿಸ್ಕ್‌ನಲ್ಲಿ 2 ಟಿಬಿಗಿಂತ ಜಾಸ್ತಿ ಜಾಗ ಬಳಸಲಾರದು. 4 ಟಿಬಿ ಡಿಸ್ಕ್ ತಂದು ಹಾಕಿದರೆ ಅರ್ಧ ದುಡ್ಡು ದಂಡ. ಲೈಬ್ರರಿಗೆ 500 ಜಿಬಿಯದ್ದೇ ಎರಡು ಧಾರಾಳ. ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ರೇಡ್ 1 ಮಾಡಿಕೊಳ್ಳಿ.

ಎರಡನೆಯದು, ಆ ಕಾರ್ಡಿಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟು ಹೋದಾಗ ಇನ್ನೂ ಡಿಸ್ಕ್ ಸೇರದ ಮಾಹಿತಿಯನ್ನು ಅದು ಕಾಪಾಡುತ್ತದೆ. ಇಷ್ಟು ವರ್ಷಕ್ಕೆ ಅದು ಸತ್ತಿರುತ್ತದೆ, ಕೆಲವೊಮ್ಮೆ ಉಬ್ಬಿರುತ್ತದೆ. ಬ್ಯಾಟರಿ ಸತ್ತರೆ ಕಾರ್ಡ್ ತಾನಾಗಿಯೇ ನಿಧಾನಕ್ಕೆ ಬರೆಯಲು ಶುರು ಮಾಡುತ್ತದೆ. ಸರ್ವರ್ ನಿಧಾನ, ಲಿನಕ್ಸ್ ಸರಿಯಿಲ್ಲ ಎಂದು ಬೈಯುವವರು ಮೊದಲು ಇದನ್ನು ನೋಡಬೇಕು. ಉಬ್ಬಿದ್ದರೆ ತೆಗೆದುಬಿಡಿ. ಅದಿಲ್ಲದೆಯೂ ಕಾರ್ಡ್ ನಡೆಯುತ್ತದೆ.

ಕೊನೆಗೆ ಗಡಿಯಾರ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಹೋಗಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಡೆಬಿಯನ್ ತನ್ನ ಪ್ಯಾಕೇಜುಗಳನ್ನು ಇಳಿಸಿಕೊಳ್ಳಲು ನಿರಾಕರಿಸುತ್ತದೆ, ಈ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತದೆ. ನೆಟ್‌ವರ್ಕ್ ಕೆಟ್ಟಿದೆ ಎಂದುಕೊಂಡು ಜನ ದಿನಗಟ್ಟಲೆ ಹುಡುಕುತ್ತಾರೆ. ಸಿಆರ್2032 ಬಿಲ್ಲೆ ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಕೋಹಾ ನಡೆದ ದಿನ ನನಗೆ ಒಂದು ಸಾಲು ಬರೆಯಿರಿ ಮೇಷ್ಟ್ರೇ. ಮಕ್ಕಳು ಮೊದಲು ಯಾವ ಪುಸ್ತಕ ಹುಡುಕಿದರು ಅಂತ ತಿಳಿದುಕೊಳ್ಳಬೇಕು.

ಪ್ರಶ್ನೆ: ಹಳೇ ಸರ್ವರ್‌ಗೆ ಡೆಬಿಯನ್ 11 ಹಾಕಿದೆ. ಡಿಸ್ಕ್ ಸರಿ ಇದೆ. ಆದರೆ ಹಿಂದಿನ ನಾಲ್ಕು ನೆಟ್‌ವರ್ಕ್ ಪೋರ್ಟುಗಳಲ್ಲಿ ಒಂದೂ ಕೆಲಸ ಮಾಡುತ್ತಿಲ್ಲ. ಫರ್ಮ್‌ವೇರ್ ಇಲ್ಲ ಎಂದು ತೋರಿಸುತ್ತದೆ. ಡ್ರೈವರ್ ಇದ್ದ ಮೇಲೆ ಇದೇನಿದು? (ಓದುಗರು, ವಿಜಯನಗರ)

ಉತ್ತರ: ನಿಮ್ಮದು ಬ್ರಾಡ್‌ಕಾಮ್‌ನ ಬಿಸಿಎಂ5709 ಚಿಪ್ ಇರಬೇಕು. ಆ ಕಾಲದ ಸರ್ವರುಗಳಲ್ಲಿ ಎಲ್ಲಿ ನೋಡಿದರೂ ಅದೇ. ಡ್ರೈವರ್ ಇರುವುದು ಲಿನಕ್ಸ್ ಒಳಗೆ, ಅದು ಚಿಪ್ ಜೊತೆ ಮಾತಾಡುತ್ತದೆ. ಆದರೆ ಈ ಚಿಪ್‌ನೊಳಗೂ ಚಿಕ್ಕ ಪ್ರೊಸೆಸರ್‌ಗಳಿವೆ. ಆನ್ ಆದಾಗಲೆಲ್ಲ ಅವಕ್ಕೆ ಅವುಗಳ ಪ್ರೋಗ್ರಾಂ ತುಂಬಬೇಕು. ಅದೇ ಫರ್ಮ್‌ವೇರ್. ಅದರ ಮೂಲ ಮುಕ್ತವಲ್ಲ. ಡೆಬಿಯನ್‌ನವರು ಮುಕ್ತವಲ್ಲದ್ದನ್ನು ಇನ್‌ಸ್ಟಾಲರಿಗೆ ಸೇರಿಸುತ್ತಿರಲಿಲ್ಲ. 2022ರಲ್ಲಿ ಅವರೊಳಗೆ ಮತದಾನ ನಡೆಯಿತು, ಸೇರಿಸೋಣ ಎಂದು ತೀರ್ಮಾನವಾಯಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಅದು ಸರಿಯಾದ ತೀರ್ಮಾನ ಅಂತಲೇ ನಾನು ನಂಬಿದ್ದೇನೆ. ನೆಟ್‌ವರ್ಕ್ ಇಲ್ಲದವನಿಗೆ ನೆಟ್‌ವರ್ಕ್‌ನಿಂದ ಫರ್ಮ್‌ವೇರ್ ತಗೋ ಅನ್ನುವುದು ಯಾವ ನ್ಯಾಯ?

ನೀವು 12 ಅಥವಾ 13 ಹಾಕಿ. ಈಗಿರುವುದನ್ನೇ ಉಳಿಸಿಕೊಳ್ಳಬೇಕಿದ್ದರೆ ಫರ್ಮ್‌ವೇರ್-ಬಿಎನ್‌ಎಕ್ಸ್2 ಎಂಬ ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ, ಸರ್ವರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕುವವರಿಗೆ ಈ ತೊಂದರೆಯೇ ಇಲ್ಲ. ಅದರ ಬಿಸಿಇ ಡ್ರೈವರ್ ಒಳಗೇ ಫರ್ಮ್‌ವೇರ್ ಇದೆ.

ಪ್ರಶ್ನೆ: ಮೇಡಂ, ನಾನು ಯಲಹಂಕದ ಡಿಪ್ಲೊಮಾ ವಿದ್ಯಾರ್ಥಿ. ಲಿನಕ್ಸ್ ಕಲಿಯಲು ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳಬೇಕು. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಪವರ್‌ಎಡ್ಜ್ 2950, ಆರ್710, ಆರ್720 ಮೂರೂ ಇವೆ. 2950 ತುಂಬಾ ಕಡಿಮೆಗೆ ಕೊಡುತ್ತಾರೆ. ಯಾವುದು ತಗೊಳ್ಳಲಿ?

ಉತ್ತರ: 2950 ಬೇಡಪ್ಪ. ಕಡಿಮೆಗೆ ಕೊಡುವುದಕ್ಕೆ ಕಾರಣ ಇದೆ.

ಇಷ್ಟು ದಿನ ಎಲ್ಲ 64 ಬಿಟ್ ಪ್ರೊಸೆಸರುಗಳೂ ಲಿನಕ್ಸ್‌ಗೆ ಒಂದೇ ಆಗಿದ್ದವು. ಈಗ ಹಂತಗಳು ಬಂದಿವೆ. 2022ರಲ್ಲಿ ಬಂದ ರೆಡ್ ಹ್ಯಾಟ್ 9ಕ್ಕೆ ಎರಡನೇ ಹಂತದ ಪ್ರೊಸೆಸರ್ ಬೇಕು. ಅಂದರೆ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಎಂಬ ಸೌಲಭ್ಯಗಳಿರಬೇಕು. ಇಂಟೆಲ್‌ನಲ್ಲಿ ಇವೆರಡೂ ಒಟ್ಟಿಗೆ ಬಂದದ್ದು 2008ರ ನೆಹಲೆಮ್ ಪೀಳಿಗೆಯಿಂದ. 2950ರ ಪ್ರೊಸೆಸರ್ ಅದಕ್ಕಿಂತ ಹಿಂದಿನದು. ಅದರಲ್ಲಿ 9 ಹಾಕಲು ಹೋದರೆ ಈ ಪ್ರೊಸೆಸರ್ ಆ ಹಂತದ್ದಲ್ಲ ಎಂದು ಒಂದು ಸಾಲು ಬರೆದು ನಿಂತುಬಿಡುತ್ತದೆ. ಆರ್710 ಅದನ್ನು ದಾಟುತ್ತದೆ. 2025ರಲ್ಲಿ ಬಂದ 10ನೇ ಆವೃತ್ತಿಗೆ ಮೂರನೇ ಹಂತ ಬೇಕು, ಎವಿಎಕ್ಸ್2 ಇರಬೇಕು. ಅದು ಬಂದದ್ದು 2013ರ ಹ್ಯಾಸ್ವೆಲ್‌ನಿಂದ. ಆರ್720 ಅಲ್ಲಿ ಬೀಳುತ್ತದೆ, ಆರ್730 ಪಾಸಾಗುತ್ತದೆ. ಆಲ್ಮಾದವರು ಮಾತ್ರ 10ರಲ್ಲೂ ಎರಡನೇ ಹಂತಕ್ಕೆ ಬೇರೆ ಆವೃತ್ತಿ ಕಟ್ಟಿ ಕೊಡುತ್ತಿದ್ದಾರೆ. ಡೆಬಿಯನ್ 13ಕ್ಕೆ ಈ ಹಂತಗಳ ಗೊಡವೆಯೇ ಇಲ್ಲ, ಯಾವ 64 ಬಿಟ್ ಪ್ರೊಸೆಸರ್ ಆದರೂ ನಡೆಯುತ್ತದೆ.

ನೀನು ಕಲಿಯಲು ಹೊರಟವನು. ಕೆಲಸಕ್ಕೆ ಸೇರಿದ ಮೇಲೆ ರೆಡ್ ಹ್ಯಾಟ್ ಬಳಗವೂ ಎದುರಾಗುತ್ತದೆ. ಹಾಗಾಗಿ ಮೂರರಲ್ಲಿ ಆರ್720 ತಗೋ. ದುಡ್ಡು ಸಾಲದಿದ್ದರೆ ಆರ್710, ಆದರೆ ರೇಡ್ ಕಾರ್ಡ್ ಪರ್ಕ್ 6/ಐ ಆಗಿರಬಾರದು, ಅದರ ಮುಂದಿನ ಪೀಳಿಗೆಯ ಪರ್ಕ್ ಎಚ್700 ಇರಬೇಕು. ಕಾರ್ಡ್ ಆಮೇಲೆ ಬದಲಾಯಿಸಿಕೊಳ್ಳುತ್ತೇನೆ ಅಂದರೆ ಕೇಬಲ್ಲೂ ಬೇರೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಹೋಗುವಾಗ ಲೈವ್ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅಂಗಡಿಯವರ ಹತ್ತಿರ ಮರ್ಯಾದೆಯಿಂದ ಕೇಳು, "ಅಣ್ಣಾ, ಒಂದ್ಸಲ ಆನ್ ಮಾಡಿ ನೋಡ್ಲಾ?" ಅಂತ. ಎಸ್.ಪಿ. ರೋಡಿನಲ್ಲಿ ನನಗೆ ಗೊತ್ತಿರುವ ಅಂಗಡಿಯವರು ಯಾವತ್ತೂ ಬೇಡ ಅಂದಿಲ್ಲ. ಕುರ್ಚಿ ಕೊಟ್ಟು ಟೀ ತರಿಸಿದ್ದಾರೆ. ಮೇಲೆ ಮೇಷ್ಟ್ರಿಗೆ ಹೇಳಿದ ಆದೇಶವನ್ನೇ ಕೊಟ್ಟು, ಪರದೆಯ ಫೋಟೊ ತೆಗೆದುಕೋ. ಡಿಸ್ಕ್ ಕೂರಿಸುವ ಟ್ರೇಗಳು ಎಲ್ಲ ಖಾನೆಗೂ ಇವೆಯಾ ಎಣಿಸು. ಅದಿಲ್ಲದೆ ಡಿಸ್ಕ್ ನಿಲ್ಲುವುದಿಲ್ಲ. ರ‍್ಯಾಮ್ ಮಾತ್ರ ಅಲ್ಲೇ ಸ್ವಲ್ಪ ಜಾಸ್ತಿ ಹಾಕಿಸಿಕೋ. ಸರ್ವರಿನ ರಿಜಿಸ್ಟರ್ಡ್ ರ‍್ಯಾಮ್ ಮನೆ ಕಂಪ್ಯೂಟರಿಗೆ ಆಗುವುದಿಲ್ಲ, ಹಾಗಾಗಿ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಎರಡು ಜಾತಿಯ ರ‍್ಯಾಮ್ ಬೆರೆಸಬೇಡ, ಬೆರೆಸಿದರೆ ಆನ್ ಆಗುವುದಿಲ್ಲ.

ಮತ್ತೆ ಒಬ್ಬನೇ ಹೋಗಬೇಡ. ಎಲ್ಲ ತುಂಬಿದ ಆರ್710 ಸುಮಾರು 26 ಕೆ.ಜಿ. ತೂಗುತ್ತದೆ.

ಪ್ರಶ್ನೆ: ಇಟಾನಿಯಂ ಪ್ರೊಸೆಸರಿನ ಸರ್ವರ್ ಒಂದು ಬಿಟ್ಟಿಯಾಗಿ ಸಿಕ್ಕಿದೆ. ಯಾವ ಲಿನಕ್ಸ್ ಹಾಕಬಹುದು? (ಓದುಗರು, ಪೀಣ್ಯ)

ಉತ್ತರ: ಇವತ್ತಿನ ಮುಖ್ಯ ಲಿನಕ್ಸ್‌ಗಳು ಯಾವುವೂ ಆಗುವುದಿಲ್ಲ. ಅದು 64 ಬಿಟ್ ಹೌದು, ಆದರೆ ಜಾತಿಯೇ ಬೇರೆ. ಡೆಬಿಯನ್ 7ಕ್ಕೇ ಅದರ ಬೆಂಬಲ ಮುಗಿಯಿತು. 2024ರ ಜನವರಿಯಲ್ಲಿ ಬಂದ ಕರ್ನೆಲ್ 6.7ರಿಂದ ಇಟಾನಿಯಂ ಭಾಗವನ್ನೇ ತೆಗೆದರು. ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿಗೆ ಕೊಡಿ, ಬಿಚ್ಚಿ ನೋಡಲು ಮಕ್ಕಳಿಗೆ ಚೆನ್ನಾಗಿರುತ್ತದೆ.

ಪ್ರಶ್ನೆ: ಮನೆಯಲ್ಲಿ ಆರ್710 ಇಟ್ಟು ಲಿನಕ್ಸ್ ಹಾಕಿದ್ದೇನೆ. ಎಲ್ಲ ಚೆನ್ನಾಗಿದೆ. ಆದರೆ ಇಷ್ಟು ದಿನ ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ ಈಗ ಪೂರ್ತಿ ಬಂದಿದೆ. ಮನೆಯವರು ಸರ್ವರ್ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ಲಿನಕ್ಸ್‌ನಲ್ಲಿ ಏನಾದರೂ ಮಾಡಿ ಕರೆಂಟ್ ಉಳಿಸಬಹುದೇ? (ಗೃಹಿಣಿ, ಹನುಮಂತನಗರ)

ಉತ್ತರ: ಅಮ್ಮಾ, ನಿಮ್ಮ ಮನೆಯವರು ಹೇಳುವುದರಲ್ಲಿ ಅರ್ಥ ಇದೆ. ನಾನು ನನ್ನ ಆರ್710ರ ಪ್ಲಗ್‌ಗೆ ಮೀಟರ್ ಹಾಕಿ ನೋಡಿದ್ದೇನೆ. ಸುಮ್ನೆ ಕೂತಿದ್ದಾಗಲೇ 170 ವ್ಯಾಟ್. ದಿನಕ್ಕೆ ನಾಲ್ಕು ಯೂನಿಟ್, ತಿಂಗಳಿಗೆ 122 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಾಟದಿದ್ದರೂ ನಿಮ್ಮ ಮನೆಗೆ ನಿಗದಿಯಾದ ಮಿತಿಗಿಂತ ಜಾಸ್ತಿ ಉರಿಸಿದ್ದಕ್ಕೆ ದುಡ್ಡು ಕೊಡಬೇಕು. ನಿಮ್ಮ ಮನೆಯ ಬಳಕೆ 80 ಯೂನಿಟ್ ಇದ್ದರೂ ಸರ್ವರ್ ಸೇರಿ 200 ದಾಟಿತು, ಅಲ್ವಾ?

ಲಿನಕ್ಸ್‌ನ ಸೆಟ್ಟಿಂಗ್‌ನಿಂದ ಉಳಿಯುವುದು ಸ್ವಲ್ಪವೇ. ಸರ್ವರ್ ಆನ್ ಆಗುವಾಗ ತೆರೆಯಬಹುದಾದ ಬೈಯಾಸ್ ಸೆಟ್ಟಿಂಗ್‌ನಲ್ಲಿ ಪವರ್ ನಿರ್ವಹಣೆಯನ್ನು ಆಪರೇಟಿಂಗ್ ಸಿಸ್ಟಂಗೆ ಬಿಟ್ಟುಕೊಡುವ ಆಯ್ಕೆ ಇದೆ, ಅದನ್ನು ಹಾಕಿ. ನಿಜವಾದ ಉಳಿತಾಯ ಒಳಗಿನ ವಸ್ತು ಕಡಿಮೆ ಮಾಡುವುದರಿಂದ. ಎರಡು ಪ್ರೊಸೆಸರ್ ಇದ್ದರೆ ಎರಡನೆಯದನ್ನು ತೆಗೆಸಿ. ಅದರ ಪಕ್ಕದ ಸ್ಲಾಟುಗಳಲ್ಲಿರುವ ರ‍್ಯಾಮ್ ಕಾಣದೆ ಹೋಗುತ್ತದೆ, ಅದನ್ನೂ ತೆಗೆಸಿ. ಎಕ್ಸ್5670 ಇದ್ದರೆ ಅದರ ಗರಿಷ್ಠ ಲೆಕ್ಕ 95 ವ್ಯಾಟ್. ಅದೇ ಸಾಕೆಟ್ಟಿಗೆ ಕೂರುವ ಎಲ್5640 ಬರೀ 60 ವ್ಯಾಟ್‌ನದು. ತಿರುಗುವ ಡಿಸ್ಕ್ ಆರು ಇದ್ದರೆ ಎರಡಕ್ಕೆ ಇಳಿಸಿ.

ಎಲ್ಲಕ್ಕಿಂತ ದೊಡ್ಡದು ಸಮಯ. ದಿನವಿಡೀ ನಡೆಯಬೇಕಾ? ನೀವು ಫೋಟೊ ಇಡಲು, ಕಲಿಯಲು ಬಳಸುತ್ತೀರಿ ಎಂದು ಪತ್ರದಲ್ಲಿದೆ. ಸಂಜೆ ಹೊತ್ತು ನಾಲ್ಕು ತಾಸು ನಡೆದರೆ ಸಾಕು. ಈ ಸರ್ವರಿನಲ್ಲಿ ಮುಖ್ಯ ಯಂತ್ರ ಆಫ್ ಇದ್ದರೂ ಎಚ್ಚರ ಇರುವ ಒಂದು ಪುಟ್ಟ ನಿಯಂತ್ರಕ ಇದೆ, ಐಡ್ರಾಕ್ ಅಂತ. ಅದರ ವೆಬ್ ಪುಟ ತುಂಬಾ ಹಳೆಯದು, ಈಗಿನ ಬ್ರೌಸರುಗಳು ಅದನ್ನು ಸುಲಭಕ್ಕೆ ತೆರೆಯುವುದಿಲ್ಲ. ಅದರ ಗೊಡವೆ ಬಿಡಿ. ನಿಮ್ಮ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಐಪಿಎಂಐಟೂಲ್ ಎಂಬ ಪ್ಯಾಕೇಜ್ ಹಾಕಿಕೊಂಡರೆ, ಅಡುಗೆಮನೆಯಿಂದಲೇ ಒಂದು ಆದೇಶ ಕೊಟ್ಟು ಸರ್ವರ್ ಎಬ್ಬಿಸಬಹುದು. ಮಲಗಿಸುವುದಕ್ಕೆ ರಾತ್ರಿ ಹತ್ತಕ್ಕೆ ತಾನಾಗಿ ಆಫ್ ಆಗುವಂತೆ ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿಡಿ. ದಿನಕ್ಕೆ ನಾಲ್ಕು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 20 ಯೂನಿಟ್ ಚಿಲ್ಲರೆ ಆಗುತ್ತದೆ. ಆಫ್ ಇದ್ದಾಗಲೂ ಆ ನಿಯಂತ್ರಕ ಸ್ವಲ್ಪ ಕರೆಂಟ್ ಎಳೆಯುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಒಂದು ತಿಂಗಳು ಹೀಗೆ ಮಾಡಿ, ಬರುವ ಬಿಲ್ಲನ್ನು ಮನೆಯವರ ಕೈಗೆ ಕೊಡಿ. ಆಮೇಲೂ ಬೇಡ ಅಂದರೆ ನನಗೆ ಬರೆಯಿರಿ. ಚಾಮರಾಜಪೇಟೆಯ ಮೇಷ್ಟ್ರಿಗೆ ಬಿಡಿಭಾಗಕ್ಕೆ ಇನ್ನೊಂದು ಆರ್710 ಇದ್ದರೆ ತುಂಬಾ ಉಪಯೋಗವಾಗುತ್ತದೆ.